ನಂಬಿಕೆಯೆಂಬ ಮೂಲಧನ: ಕಾಶಿಯ ಪೊಲೀಸರೂ ನಾಗರಿಕರೂ

ಕಾಶಿಯಾತ್ರೆ ಮುಗಿಸಿ ಬಂದವರು ಗಂಗೆಯ ಗಿಂಡಿಯೊಡನೆ ಕಪ್ಪು ಕಾಶಿದಾರವನ್ನೂ ತಂದು ನೆಂಟರಿಷ್ಟರಿಗೆ ಹಂಚುವುದು ಕನ್ನಡ ನಾಡಿನಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಆ ದಾರ ಕಾಲಭೈರವನ ಪ್ರಸಾದ. ಕಾಶಿಯ ಜನ ಕಾಲಭೈರವನನ್ನು ತಮ್ಮ ಊರಿನ ‘ಕೊತ್ವಾಲ’ನೆಂದು ಕರೆಯುತ್ತಾರೆ. ಕೊತ್ವಾಲನೆಂದರೆ ಮೊಗಲರ ಕಾಲದ ನಗರರಕ್ಷಣಾಧಿಕಾರಿ; ಇಂದಿನ ಮಾತಿನಲ್ಲಿ ಹೇಳುವುದಾದರೆ ಪೊಲೀಸ್ ಕಮಿಷನರ್. ಆ ಭಾಗದ ಕೊತ್ವಾಲಿ ಪೊಲೀಸ್ ಠಾಣೆಯಲ್ಲಿ ಮುಖ್ಯ ಆಸನವನ್ನು ಭೈರವನಿಗೆ ಮೀಸಲಿಟ್ಟು ಠಾಣಾಧಿಕಾರಿಯು ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುವ ವಾಡಿಕೆಯೂ ಉಂಟು.

ಈ ದೈವೀ ಕೊತ್ವಾಲನು ಶಿಕ್ಷೆ ವಿಧಿಸುವವನೇ ಹೊರತು ಮೃದುಸ್ವಭಾವದವನಲ್ಲ. ಕಾಶಿಯಲ್ಲಿ ಮಡಿದವರಿಗೆ ಮುಕ್ತಿ ದೊರೆಯುವ ಮುನ್ನ ಭೈರವೀಯಾತನೆ ತಪ್ಪದೆಂಬುದು ಆಸ್ತಿಕರ ನಂಬಿಕೆ. ಆದರೂ ಜನ ಅವನಲ್ಲಿ ಭರವಸೆಯಿಟ್ಟಿದ್ದಾರೆ. ಏಕೆಂದರೆ ಅವನ ದಂಡ ಅರಸನಿಗೂ ತಿರುಕನಿಗೂ ಒಂದೇ. ಅಲ್ಲಿ ಶಿಫಾರಸು ನಡೆಯದು, ಕೈ ಬೆಚ್ಚಗೆ ಮಾಡುವುದೂ ನಡೆಯದು. ಹಾಗಿದ್ದಲ್ಲಿ, ದೇವರನ್ನು ಪೊಲೀಸ್ ಅಧಿಕಾರಿಯ ರೂಪದಲ್ಲಿ ಪೂಜಿಸುವ ಈ ದೇಶದ ಜನ, ಮನುಷ್ಯನಾದ ಪೊಲೀಸನನ್ನು ಕಂಡೊಡನೆ ದಾರಿ ಬದಲಿಸಿ ನಡೆಯುವುದೇಕೆ? ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಕಾವಲಿನ ಮಾತು ಬಂದಾಗಲೆಲ್ಲ ನಾಲಗೆಯ ತುದಿಗೆ ಬರುವುದೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಕಾಶಿಯಂತಹ ಊರು ಮತ್ತೊಂದಿಲ್ಲ. ಪೊಲೀಸರೂ ನಾಗರಿಕರೂ ಪರಸ್ಪರ ಇಡುವ ವಿಶ್ವಾಸವು ಬ್ಯಾಂಕಿನ ಠೇವಣಿಯಂತೆ. ಸಾಮಾನ್ಯ ದಿನಗಳಲ್ಲಿ ಅದು ಸಣ್ಣಸಣ್ಣ ಕಂತುಗಳಲ್ಲಿ ಜಮೆಯಾಗಬೇಕು. ಆಪತ್ತಿನ ದಿನ ಅದನ್ನು ತೆಗೆದು ಬಳಸಬೇಕು. ಜಮೆಯಿಲ್ಲದ ಖಾತೆಯ ಮೇಲೆ ಚೆಕ್ಕು ಬರೆದರೆ ಅದು ಹಿಂದಿರುಗುವುದು ನಿಶ್ಚಯ. ಕಾಶಿಯ ಎರಡು ಶತಮಾನಗಳ ಅನುಭವ ಹೇಳುವುದು ಇದನ್ನೇ.

ಫಾಟಕಗಳ ಕಾಲ

ಹಳೆಯ ಬನಾರಸಿನ ಗಲ್ಲಿಗಳಲ್ಲಿ ಮೊಹಲ್ಲಾ ಮೊಹಲ್ಲಾಕ್ಕೂ ಒಂದು ಫಾಟಕ, ಎಂದರೆ ಹೆಬ್ಬಾಗಿಲು, ಇರುತ್ತಿತ್ತು. ರಾತ್ರಿಯಾದೊಡನೆ ಅದನ್ನು ಮುಚ್ಚುತ್ತಿದ್ದರು. ಬಾಗಿಲು ಕಾಯುವವನ ಸಂಬಳವನ್ನು ಆ ಮೊಹಲ್ಲಾದ ನಿವಾಸಿಗಳೇ ಭರಿಸುತ್ತಿದ್ದರು. ಈ ವ್ಯವಸ್ಥೆಗೆ ‘ಫಾಟಕಬಂದಿ’ ಎಂದು ಹೆಸರು. ರಂಗೀಲದಾಸ್ ಫಾಟಕ್, ಶೇಖ್ ಸಲೀಂ ಫಾಟಕ್ ಎಂಬ ಬಡಾವಣೆಗಳ ಹೆಸರುಗಳಲ್ಲಿ ಅದರ ನೆನಪು ಇಂದಿಗೂ ಉಳಿದಿದೆ. ಕಾವಲುಗಾರನಿಗೆ ಪ್ರತಿಯೊಬ್ಬ ನಿವಾಸಿಯ ಮುಖ ಪರಿಚಿತ. ನಿವಾಸಿಗಳಿಗೂ ಅವನು ಪರಿಚಿತ. ರಾತ್ರಿ ಕಳವಾದರೆ ಬೆಳಗಾದೊಡನೆ ಅವನು ಉತ್ತರ ಹೇಳಬೇಕಾದದ್ದು ಸಂಬಳ ಕೊಡುವ ನೆರೆಹೊರೆಯವರಿಗೆ. ಇದರಲ್ಲಿ ದೋಷಗಳೂ ಇಲ್ಲದಿರಲಿಲ್ಲ. ಹಣವಂತರ ಮೊಹಲ್ಲಾಕ್ಕೆ ಗಟ್ಟಿ ಬಾಗಿಲು, ಬಡವರ ಕೇರಿಗೆ ದೇವರೇ ಗತಿ ಎಂಬುದು ಇಂತಹ ಏರ್ಪಾಡುಗಳ ಸಹಜ ಸ್ವಭಾವ. ಆದರೂ ಕಾಯುವವನು ಯಾರಿಗೆ ಉತ್ತರದಾಯಿ ಎಂಬುದರಲ್ಲಿ ಗೊಂದಲವಿರಲಿಲ್ಲ.

1810ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರಕಾರ 15ನೆಯ ರೆಗ್ಯುಲೇಷನ್ ಮೂಲಕ ಮನೆಗಳ ಮೇಲೆ ಹೊಸ ತೆರಿಗೆ ಹೇರಿತು. ಆಗ ಬನಾರಸಿನ ಪ್ರಜೆಗಳು ಕೈಗೊಂಡ ಪ್ರತಿಭಟನೆ ಇತಿಹಾಸದಲ್ಲಿ ಅಪೂರ್ವವಾದುದು. ಕಮ್ಮಾರರು, ನೇಕಾರರು, ದರ್ಜಿಗಳು, ಕ್ಷೌರಿಕರು ಮೊದಲಾದ ಎಲ್ಲ ಕಸುಬಿನವರೂ ಅಂಗಡಿ ಮುಂಗಟ್ಟುಗಳನ್ನು ಮುಚ್ಚಿ, ಮನೆಮಠ ತೊರೆದು, ಬಯಲಿನಲ್ಲಿ ಸೇರಿ ಧರಣಿ ಕುಳಿತರು. ಇತಿಹಾಸಕಾರ ಧರ್ಮಪಾಲರು 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಕಾಲದ ಸರಕಾರಿ ಪತ್ರಗಳು ಸಂಗ್ರಹವಾಗಿವೆ. ಆ ದಿನಗಳಲ್ಲಿ ಊರಿನ ಕಳ್ಳರೂ ಕಸುಬು ನಿಲ್ಲಿಸಿದ್ದರೆಂಬ ಮಾತು ಅವುಗಳಲ್ಲಿದೆ! ಪ್ರಜೆಗಳ ಅರ್ಜಿಯಲ್ಲಿದ್ದ ಒಂದು ವಾದ ಪ್ರಸ್ತುತ ವಿಷಯಕ್ಕೆ ಬಹಳ ಹತ್ತಿರವಾದುದು: ಪೊಲೀಸ್ ವೆಚ್ಚಕ್ಕಾಗಿ ಈ ತೆರಿಗೆಯಾದರೆ, ಬನಾರಸಿನಲ್ಲಿ ಆ ವೆಚ್ಚ ಈಗಾಗಲೇ ಭೂಕಂದಾಯದಿಂದ ಸಲ್ಲುತ್ತಿದೆಯಲ್ಲ, ಮತ್ತೊಮ್ಮೆ ಕೊಡುವುದೇಕೆ? ಲೆಕ್ಕ ಬಲ್ಲ ಪ್ರಜೆಗಳು ಸರಕಾರದ ಲೆಕ್ಕಪತ್ರವನ್ನೇ ಮುಂದಿಟ್ಟು ಕೇಳಿದ ಪ್ರಶ್ನೆಯಿದು. ಕೊನೆಗೆ ಸರಕಾರ ಆ ತೆರಿಗೆಯನ್ನು ಕೈಬಿಡಬೇಕಾಯಿತು.

ಕಾನೂನೇ ನಂಬದ ಇಲಾಖೆ

1857ರ ದಂಗೆಯ ತರುವಾಯ ಆಂಗ್ಲರು ಪೊಲೀಸ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದರು. 1861ರ ಪೊಲೀಸ್ ಕಾಯಿದೆ ಹುಟ್ಟಿದ್ದು ಆಗ. ಲಂಡನ್ನಿನಲ್ಲಿ 1829ರಲ್ಲಿಯೇ ಸರ್ ರಾಬರ್ಟ್ ಪೀಲ್ ಅವರು ನಿರಾಯುಧ ಪೊಲೀಸ್ ಪಡೆಯನ್ನು ಸ್ಥಾಪಿಸಿದ್ದರು. ಜನರ ಸಮ್ಮತಿಯೇ ಪೊಲೀಸರ ಬಲ ಎಂಬ ತತ್ತ್ವ ಆ ಪಡೆಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಭಾರತಕ್ಕೆ ಆಂಗ್ಲರು ತಂದ ಮಾದರಿ ಲಂಡನ್ನಿನದಲ್ಲ. ಆಳಿಸಿಕೊಳ್ಳುವ ಪ್ರಜೆಗಳನ್ನು ಹದ್ದಿನಲ್ಲಿಡಲು ಐರ್ಲೆಂಡಿನಲ್ಲಿ ರಚಿಸಿದ್ದ ಪಡೆಯದು. ಫಾಟಕದ ಕಾವಲುಗಾರನ ಉತ್ತರದಾಯಿತ್ವ ಮೊಹಲ್ಲಾದಿಂದ ಸರಕಾರದ ಕಡೆಗೆ ತಿರುಗಿತು. 1902–03ರ ಫ್ರೇಸರ್ ಆಯೋಗವೇ ಜನರು ಪೊಲೀಸರನ್ನು ಭ್ರಷ್ಟರೆಂದೂ ಪೀಡಕರೆಂದೂ ಭಾವಿಸಿದ್ದಾರೆಂದು ವರದಿ ಮಾಡಿತು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. 1872ರ ಸಾಕ್ಷ್ಯ ಕಾಯಿದೆಯ ಪ್ರಕಾರ ಆರೋಪಿಯು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತು ಮಾಡಲಾಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮ ಉಳಿದಿದೆ. ಹೊಡೆತಕ್ಕೆ ಹೆದರಿ ನಿರಪರಾಧಿಯೂ ತಪ್ಪೊಪ್ಪಿಕೊಂಡಾನು ಎಂಬ ಶಂಕೆಯೇ ಇದರ ಮೂಲ. ಆ ಶಂಕೆ ನಿರಾಧಾರವೆಂದು ಹೇಳುವ ಧೈರ್ಯ ಇಂದಿಗೂ ಯಾರಿಗೂ ಇಲ್ಲ. ತನಿಖೆಯ ಭಾರವನ್ನೆಲ್ಲ ಹೊತ್ತ ಇಲಾಖೆಯನ್ನು ಕಾನೂನೇ ಒಂದೂವರೆ ಶತಮಾನದಿಂದ ಪೂರ್ಣವಾಗಿ ನಂಬಿಲ್ಲವೆಂದ ಮೇಲೆ ಸಾಮಾನ್ಯನು ನಂಬಲಿಲ್ಲವೆಂದು ದೂರುವುದು ನ್ಯಾಯವಲ್ಲ. ಪೊಲೀಸರ ಪಾಡನ್ನೂ ಮರೆಯಬಾರದು. ಹಬ್ಬವೆಂದರೆ ಇತರರಿಗೆ ರಜೆ, ಅವರಿಗೆ ಇಮ್ಮಡಿ ಕೆಲಸ. ನಿದ್ದೆಯಿಲ್ಲದ, ಊಟಕ್ಕೆ ಹೊತ್ತುಗೊತ್ತಿಲ್ಲದ ಮನುಷ್ಯನಿಂದ ಸದಾ ಮೃದುವಚನವನ್ನು ನಿರೀಕ್ಷಿಸುವುದು ಕಷ್ಟ.

ಒಂದು ಮಂಗಳವಾರದ ಸಂಜೆ

2006ರ ಮಾರ್ಚ್ 7, ಮಂಗಳವಾರ. ಆಂಜನೇಯನ ವಾರವಾದುದರಿಂದ ವಾರಾಣಸಿಯ ಸಂಕಟಮೋಚನ ದೇವಾಲಯ ಭಕ್ತರಿಂದ ತುಂಬಿತ್ತು. ಆ ಸಂಜೆ ದೇವಾಲಯದಲ್ಲಿಯೂ ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲಿಯೂ ಬಾಂಬುಗಳು ಸಿಡಿದು 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಊರು ಹೊತ್ತಿ ಉರಿಯುವುದೆಂದು ದೇಶವೆಲ್ಲ ಹೆದರಿತ್ತು. ಹೆದರಲು ಕಾರಣವೂ ಇತ್ತು. ಮದನಪುರ ಮೊದಲಾದ ನೇಕಾರರ ಮೊಹಲ್ಲಾಗಳಿರುವ ಈ ನಗರ 1977ರಲ್ಲಿ, 1991ರಲ್ಲಿ ಕೋಮುಗಲಭೆಗಳನ್ನು ಕಂಡಿತ್ತು. ಸಶಸ್ತ್ರ ಪೊಲೀಸರು ಪಕ್ಷಪಾತ ತೋರಿದರೆಂಬ ದೂರುಗಳು ಆಗ ಕೇಳಿಬಂದಿದ್ದವು.

ಈ ಬಾರಿ ಹಾಗಾಗಲಿಲ್ಲ. ಸಂಕಟಮೋಚನದ ಮಹಂತರಾಗಿದ್ದ, ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲ ಇಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರ ಅವರು ದೇವಾಲಯದಲ್ಲಿ ಆರತಿ ನಿಲ್ಲದಂತೆ ನೋಡಿಕೊಂಡು ಶಾಂತಿಗಾಗಿ ಕರೆಕೊಟ್ಟರು. ಬನಾರಸಿನ ಮುಫ್ತಿ ಮೌಲಾನಾ ಅಬ್ದುಲ್ ಬಾತಿನ್ ನೋಮಾನಿ ಅವರು ಕೃತ್ಯವನ್ನು ಖಂಡಿಸಿ ಅದೇ ಕರೆಯನ್ನು ನೀಡಿದರು. ಊರು ದುಃಖಿಸಿತು, ಆದರೆ ಕೆರಳಲಿಲ್ಲ.

ಇದು ಪವಾಡವಲ್ಲ. ಬನಾರಸಿ ಸೀರೆಯ ವ್ಯಾಪಾರದಲ್ಲಿ ನೇಯುವವರು ಹೆಚ್ಚಾಗಿ ಮುಸಲ್ಮಾನರು, ಕೊಳ್ಳುವ ಮಾರುವ ಗದ್ದಿಗಳವರು ಹೆಚ್ಚಾಗಿ ಹಿಂದೂಗಳು. ಒಬ್ಬರ ನೂಲು, ಇನ್ನೊಬ್ಬರ ಮಗ್ಗ, ಬಾಯಿಮಾತಿನ ಮೇಲೆ ಉದ್ದರಿ. ಎರಡು ಸಮುದಾಯಗಳ ಬದುಕು ಸೀರೆಯ ಹಾಸುಹೊಕ್ಕಿನಂತೆಯೇ ಹೆಣೆದುಕೊಂಡಿದೆ. ಅನೇಕ ವರ್ಷಗಳ ಈ ಕೊಡುಕೊಳ್ಳುವಿಕೆಯಿಂದ ಜಮೆಯಾಗಿದ್ದ ವಿಶ್ವಾಸವನ್ನೇ ಹಿರಿಯರು ಆ ರಾತ್ರಿ ತೆಗೆದು ಬಳಸಿದರು. ಪೊಲೀಸರ ಬಂದೋಬಸ್ತು ಅಗತ್ಯವೇ ಆಗಿತ್ತು. ಆದರೆ ಊರನ್ನು ಹಿಡಿದು ನಿಲ್ಲಿಸಿದ್ದು ಲಾಠಿಯೊಂದೇ ಅಲ್ಲ. ಹಬ್ಬಗಳಿಗೆ ಮುಂಚೆ ಠಾಣೆಗಳಲ್ಲಿ ಸೇರುವ ಶಾಂತಿ ಸಮಿತಿಯ ಸಭೆಗಳ ಬೆಲೆ ಇಂತಹ ದಿನ ತಿಳಿಯುತ್ತದೆ. ಮಹಾರಾಷ್ಟ್ರದ ಭಿವಂಡಿಯ ಉದಾಹರಣೆಯೂ ಇದನ್ನೇ ಹೇಳುತ್ತದೆ. 1984ರಲ್ಲಿ ಭೀಕರ ಗಲಭೆ ಕಂಡ ಆ ಮಗ್ಗಗಳ ಊರಿನಲ್ಲಿ 1988ರಿಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಅವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿ, ಎರಡೂ ಕೋಮಿನ ಸಾಮಾನ್ಯರನ್ನು ನಿಯತವಾಗಿ ಒಂದೆಡೆ ಕೂರಿಸಿದರು. 1992–93ರಲ್ಲಿ ಹತ್ತಿರದ ಮುಂಬಯಿ ಉರಿಯುತ್ತಿದ್ದಾಗ ಭಿವಂಡಿ ಶಾಂತವಾಗಿತ್ತು.

ಉಡುಪು ಮತ್ತು ನಡತೆ

2021ರ ಮಾರ್ಚಿನಲ್ಲಿ ಉತ್ತರ ಪ್ರದೇಶ ಸರಕಾರ ವಾರಾಣಸಿಗೆ ಪೊಲೀಸ್ ಕಮಿಷನರ್ ವ್ಯವಸ್ಥೆಯನ್ನು ತಂದಿತು. ಬೆಂಗಳೂರು 1963ರಲ್ಲಿಯೇ ಕಂಡ ಈ ವ್ಯವಸ್ಥೆಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಕೆಲವು ಅಧಿಕಾರಗಳು ಪೊಲೀಸರ ಕೈಗೆ ಬರುತ್ತವೆ. ಅಧಿಕಾರ ಹೆಚ್ಚಿದಷ್ಟೂ ವಿಶ್ವಾಸದ ಅಗತ್ಯವೂ ಹೆಚ್ಚುವುದು ಸ್ವಾಭಾವಿಕ. ಅದೇ ವರ್ಷದ ಡಿಸೆಂಬರ್ 13ರಂದು ವಿಶ್ವನಾಥ ಧಾಮದ ಹೊಸ ಪ್ರಾಂಗಣ ಉದ್ಘಾಟನೆಯಾದ ಮೇಲೆ ಯಾತ್ರಿಕರ ಪ್ರವಾಹ ಬಹಳವಾಗಿ ಹೆಚ್ಚಿತು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ವಿಶೇಷ ರೈಲೂ ಹೊರಟಿತು.

ಗರ್ಭಗುಡಿಯ ಬಳಿ ಪೊಲೀಸರು ತಳ್ಳುತ್ತಾರೆಂಬ ದೂರು ಭಕ್ತರಿಂದ ಬರುತ್ತಿತ್ತು. 2024ರ ಏಪ್ರಿಲಿನಲ್ಲಿ ಅಂದಿನ ಕಮಿಷನರ್ ಮೋಹಿತ್ ಅಗರ್ವಾಲ್ ಅವರು ಅಲ್ಲಿನ ಪೊಲೀಸರಿಗೆ ಖಾಕಿಯ ಬದಲು ಅರ್ಚಕರಂತೆ ಧೋತಿ ಕುರ್ತಾ, ಮಹಿಳಾ ಸಿಬ್ಬಂದಿಗೆ ಸಲ್ವಾರ್ ಕುರ್ತಾ ತೊಡಿಸಿದರು. ಭಕ್ತರ ಮೈಮುಟ್ಟದೆ ಸಾಲನ್ನು ನಡೆಸಬೇಕೆಂಬ ನಿಯಮವನ್ನೂ ಮಾಡಿದರು. ಮೆಚ್ಚಿದವರು ಹಲವರು. ಇದೇ ವೇಷ ಧರಿಸಿ ವಂಚಕರು ಬಂದರೆ ಗತಿಯೇನೆಂದು ಆಕ್ಷೇಪಿಸಿದವರೂ ಹಲವರು.

ಈ ಪ್ರಯೋಗದಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ಮೈಮುಟ್ಟಬಾರದೆಂಬುದು ನಡತೆಯ ಸುಧಾರಣೆ, ಅದು ಸ್ವಾಗತಾರ್ಹ. ಉಡುಪಿನ ವಿಚಾರ ಬೇರೆ. ಸಮವಸ್ತ್ರವೂ ಅದರ ಮೇಲಿನ ಹೆಸರಿನ ಪಟ್ಟಿಯೂ ಒಂದು ಬಗೆಯ ರುಜುವಿದ್ದಂತೆ; ಈ ಕೆಲಸಕ್ಕೆ ಹೊಣೆ ಯಾರೆಂದು ಅದು ಸಾರುತ್ತದೆ. ರುಜುವಿಲ್ಲದ ಚೆಕ್ಕಿನಂತೆ, ಗುರುತಿಲ್ಲದ ಅಧಿಕಾರಕ್ಕೂ ಬೆಲೆ ಕಡಮೆ. ಖಾಕಿಯನ್ನು ಕಂಡು ಭಯವಾಗುತ್ತದೆಂದರೆ ಸರಿಪಡಿಸಬೇಕಾದದ್ದು ಖಾಕಿಯೊಳಗಿನ ನಡತೆಯನ್ನು. ಘಾಟುಗಳಲ್ಲಿ ಜಲಪೊಲೀಸರೂ ನಿಷಾದ ಜನಾಂಗದ ಅಂಬಿಗರೂ ಮುಳುಗುವವರ ನೆರವಿಗೆ ಧುಮುಕುವಾಗ ಯಾರೂ ಉಡುಪನ್ನು ಕೇಳುವುದಿಲ್ಲ.

ಅಪನಂಬಿಕೆಯಿಂದ ಆರೋಗ್ಯಕ್ಕೆ ಹಾನಿ

ಪೊಲೀಸರ ಮೇಲಿನ ಭಯವು ಪ್ರಾಣವನ್ನೂ ತೆಗೆಯಬಲ್ಲದು. ರಸ್ತೆಯಲ್ಲಿ ಅಪಘಾತವಾಗಿ ಒಬ್ಬನು ರಕ್ತದ ಮಡುವಿನಲ್ಲಿ ಬಿದ್ದಿದ್ದರೂ ಜನ ಸುತ್ತ ನಿಂತು ನೋಡುವುದುಂಟು. ಅವರು ನಿರ್ದಯಿಗಳೆಂದಲ್ಲ, ಆಸ್ಪತ್ರೆಗೆ ಒಯ್ದರೆ ಪೊಲೀಸ್ ಹೇಳಿಕೆ, ಸಾಕ್ಷಿ, ಕೋರ್ಟಿನ ಅಲೆದಾಟ ಗಂಟುಬಿದ್ದೀತೆಂಬ ಅಂಜಿಕೆ. ಗಾಯವಾದ ಮೊದಲ ಒಂದು ಗಂಟೆಯನ್ನು ವೈದ್ಯರು ಅಮೂಲ್ಯವೆನ್ನುತ್ತಾರೆ. ರಕ್ತಸ್ರಾವವನ್ನು ತಡೆದು, ಉಸಿರಾಟದ ದಾರಿಯನ್ನು ಸರಿಪಡಿಸಿದರೆ ಎಷ್ಟೋ ಜೀವಗಳು ಉಳಿಯುವುದು ಆ ಅವಧಿಯಲ್ಲಿಯೇ. ಆ ಗಂಟೆ ಈ ಅಂಜಿಕೆಯಲ್ಲಿಯೇ ಕಳೆದುಹೋಗುತ್ತದೆ.

ಈ ಅಂಜಿಕೆಗೆ ಈಗ ಕಾನೂನಿನಲ್ಲಿ ಆಸ್ಪದವಿಲ್ಲ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಕೇಂದ್ರ ಸರಕಾರದ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಸದುದ್ದೇಶದಿಂದ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಹೆಸರು ವಿಳಾಸ ಕೊಡಲೇಬೇಕೆಂಬ ಬಲವಂತವೂ ಇಲ್ಲ. ವಾಚಕರು ಈ ಮಾತನ್ನು ಮನೆಯ ಮಕ್ಕಳಿಗೂ ತಿಳಿಸಿಡುವುದು ಒಳಿತು.

ಭಯದ ಇನ್ನೊಂದು ದುಷ್ಫಲವನ್ನು ಇತ್ತೀಚಿನ ವರ್ಷಗಳಲ್ಲಿ ಹಿರಿಯ ನಾಗರಿಕರು ಅನುಭವಿಸುತ್ತಿದ್ದಾರೆ. ದೂರವಾಣಿಯಲ್ಲಿ ಪೊಲೀಸ್ ವೇಷದ ವಂಚಕನು ಕಾಣಿಸಿಕೊಂಡು, “ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ, ಯಾರಿಗೂ ಹೇಳಕೂಡದು” ಎಂದು ಗದರಿಸಿ, ಜೀವಮಾನದ ಉಳಿತಾಯವನ್ನು ತನ್ನ ಖಾತೆಗೆ ವರ್ಗಾಯಿಸಿಕೊಳ್ಳುತ್ತಾನೆ. ಇಂತಹ ದಸ್ತಗಿರಿ ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಹತ್ತಿರದ ಠಾಣೆಗೆ ನಡೆದು ಹೋಗಿ ಒಂದು ಮಾತು ಕೇಳುವ ಧೈರ್ಯವಿದ್ದಿದ್ದರೆ ಎಷ್ಟೋ ಮಂದಿ ಉಳಿದುಕೊಳ್ಳುತ್ತಿದ್ದರು. ವಂಚಕನ ಬಂಡವಾಳವೆಲ್ಲವೂ ಜನರಿಗೆ ಪೊಲೀಸರ ಮೇಲಿರುವ ಭಯವೇ. ಹಣ ಹೋದುದು ತಿಳಿದ ಕ್ಷಣವೇ 1930 ಸಂಖ್ಯೆಗೆ ಕರೆಮಾಡಿ ಬ್ಯಾಂಕಿಗೂ ತಿಳಿಸಬೇಕು. ಹಣವು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ ಮಾತ್ರ. ದೇಹಕ್ಕೆ ಹೇಗೋ ಹಣಕ್ಕೂ ಹಾಗೆಯೇ.

ಠಾಣೆಯ ಮೆಟ್ಟಿಲು ಹತ್ತುವಾಗ

ಮಹಾನಗರದ ಮಧ್ಯಮವರ್ಗದವನಿಗೆ ಪೊಲೀಸರ ಪರಿಚಯವಾಗುವುದು ಪಾಸ್‌ಪೋರ್ಟ್ ತನಿಖೆಗೆ ಅವರು ಮನೆಗೆ ಬಂದಾಗ, ಇಲ್ಲವೆ ಏನಾದರೂ ಕಳೆದುಕೊಂಡಾಗ. ಪರಸ್ಥಳದಲ್ಲಿ ಭಾಷೆಯೂ ಬಾರದೆ ಇದ್ದರೆ ಸಂಕೋಚ ಇಮ್ಮಡಿಯಾಗುತ್ತದೆ. ಹಕ್ಕುಗಳನ್ನು ಅರಿತವನಿಗೆ ಸಂಕೋಚ ಕಡಮೆ. ಆದುದರಿಂದ ಮುಖ್ಯವಾದ ಕೆಲವನ್ನು ಇಲ್ಲಿ ಹೇಳಬಹುದು.

ಉತ್ತರ ಪ್ರದೇಶದ ಬಾಲಕಿಯೊಬ್ಬಳ ಅಪಹರಣದ ದೂರಿನ ಮೇಲೆ ಪೊಲೀಸರು ಕ್ರಮ ಕೈಗೊಳ್ಳದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಗಂಭೀರ ಅಪರಾಧದ ಮಾಹಿತಿ ಬಂದಾಗ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯವೆಂದು ಸಂವಿಧಾನ ಪೀಠ 2013ರ ನವೆಂಬರ್ 12ರಂದು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಕಾಶಿಯಲ್ಲಿ ಕಳವಾದುದಕ್ಕೆ ತನ್ನ ಊರಿಗೆ ಮರಳಿದ ಮೇಲೆಯೂ ದೂರು ನೀಡಲು ಅಡ್ಡಿಯಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಅಧಿಕಾರಿಯೇ ಬರೆದುಕೊಂಡು ಓದಿ ಹೇಳಿ ರುಜು ಪಡೆಯಬೇಕು. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದ ದೂರಿಗೆ ಮೂರು ದಿನಗಳೊಳಗೆ ರುಜು ಹಾಕಬೇಕು. ಎಫ್.ಐ.ಆರ್.ನ ಪ್ರತಿ ಉಚಿತವಾಗಿ ದೊರೆಯತಕ್ಕದ್ದು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಮೇಲಧಿಕಾರಿಯ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ದೂರನ್ನು ನಿರಾಕರಿಸಿದರೆ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಬರೆಯಬಹುದು. ಅಲ್ಲಿಯೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ತಿಳಿಸುವುದು ಪೊಲೀಸರ ಕರ್ತವ್ಯ. ಸ್ತ್ರೀಯರನ್ನೂ 60 ವರ್ಷ ಮೀರಿದವರನ್ನೂ ಸಾಕ್ಷ್ಯದ ಹೇಳಿಕೆಗಾಗಿ ಠಾಣೆಗೆ ಬರಲೇಬೇಕೆಂದು ಬಲವಂತಪಡಿಸುವಂತಿಲ್ಲ. ಅಧಿಕಾರಿಯೇ ಮನೆಗೆ ಬರಬೇಕು. ತುರ್ತು ನೆರವಿಗೆ 112, ರೈಲು ಪ್ರಯಾಣದಲ್ಲಿ 139.

ಈ ಪ್ರತಿಯೊಂದು ನಿಯಮವೂ ವಿಶ್ವಾಸದ ಖಾತೆಗೆ ಸಲ್ಲಬೇಕಾದ ಒಂದೊಂದು ಕಂತು. ಎಫ್.ಐ.ಆರ್.ನ ಪ್ರತಿಯೊಂದು ದೂರುದಾರನ ಕೈಗೆ ಕೇಳದೆಯೇ ಬಂದರೆ, ಪೊಲೀಸ್ ಸಪ್ತಾಹದ ಹತ್ತು ಭಾಷಣಗಳಿಗಿಂತ ಹೆಚ್ಚಿನ ಜಮೆಯಾದಂತೆ. ದೂರು ಹೊತ್ತು ಬಂದ ಬಡವಿಯನ್ನು ದಿನವಿಡೀ ಬಾಗಿಲಲ್ಲಿ ಕೂರಿಸಿದರೆ ಅವಳ ಕೇರಿಯಿಡೀ ಖಾತೆ ಮುಚ್ಚಿದಂತೆ.

ಎರಡೂ ಕೈ ಸೇರಬೇಕು

ಸುಧಾರಣೆಯ ಮಾತು ಹೊಸದಲ್ಲ. 1977ರಲ್ಲಿ ನೇಮಕಗೊಂಡ ರಾಷ್ಟ್ರೀಯ ಪೊಲೀಸ್ ಆಯೋಗವು 1981ರ ವೇಳೆಗೆ ಎಂಟು ವರದಿಗಳನ್ನು ನೀಡಿತು. ಉತ್ತರ ಪ್ರದೇಶದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಪ್ರಕಾಶ್ ಸಿಂಗ್ ಅವರ ಮೊಕದ್ದಮೆಯಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟು ಏಳು ನಿರ್ದೇಶಗಳನ್ನಿತ್ತಿತು. ಪೊಲೀಸರ ಮೇಲಿನ ದೂರುಗಳನ್ನು ಕೇಳುವ ಪ್ರಾಧಿಕಾರ ಅವುಗಳಲ್ಲೊಂದು. 2020ರ ಡಿಸೆಂಬರಿನಲ್ಲಿ ಪ್ರತಿ ಠಾಣೆಯಲ್ಲಿಯೂ ಸಿ.ಸಿ. ಟಿ.ವಿ. ಇರಬೇಕೆಂದು ಆಜ್ಞಾಪಿಸಿತು. ಕೇರಳದಲ್ಲಿ 2008ರಿಂದ ‘ಜನಮೈತ್ರಿ’ ಯೋಜನೆಯಡಿ ಬೀಟ್ ಪೊಲೀಸರು ಮನೆಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುತ್ತಾರೆ. ಕರ್ನಾಟಕವೂ 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಫಾಟಕದ ಕಾವಲುಗಾರನ ಒಳ್ಳೆಯ ಗುಣವನ್ನು, ಎಂದರೆ ಮುಖಪರಿಚಯವನ್ನು, ಹೊಸ ಕಾಲಕ್ಕೆ ಒಗ್ಗಿಸುವ ಯತ್ನಗಳಿವು. ಅವನ ದೋಷ ಮರುಕಳಿಸದಂತೆ, ಬಡವರ ಕೇರಿಗೂ ಅದೇ ಪರಿಚಯ ತಲುಪುವಂತೆ ನೋಡಿಕೊಳ್ಳಬೇಕಾಗಿದೆ.

ನಾಗರಿಕನ ಪಾಲೂ ಇದೆ. ಸಿಗ್ನಲ್ ದಾಟಿ ಸಿಕ್ಕಿಬಿದ್ದಾಗ ನೂರು ರೂಪಾಯಿ ಚಾಚುವವನು ಪೊಲೀಸರ ಲಂಚಗುಳಿತನವನ್ನು ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಕಣ್ಣಾರೆ ಕಂಡುದಕ್ಕೆ ಸಾಕ್ಷಿ ಹೇಳಲು ಹಿಂಜರಿದರೆ ಪ್ರಾಮಾಣಿಕ ಅಧಿಕಾರಿಯ ತನಿಖೆಯೂ ಬಿದ್ದುಹೋಗುತ್ತದೆ.

ಹೊರನಾಡ ಕನ್ನಡಿಗರು ಕಾಶಿಗೆ ಹೊಸಬರಲ್ಲ. ಜಂಗಮವಾಡಿ ಮಠ, ಹರಿಶ್ಚಂದ್ರ ಘಾಟಿನ ನೆರೆಯಲ್ಲಿರುವ ಕರ್ನಾಟಕ ಘಾಟ್ ಇದಕ್ಕೆ ಸಾಕ್ಷಿ; ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು ನಾಲ್ವಡಿ ಕೃಷ್ಣರಾಜ ಒಡೆಯರು. ಪರಸ್ಥಳದಲ್ಲಿ ನೆಲೆ ಕಂಡುಕೊಳ್ಳುವ ಬಗೆಯನ್ನು ಹಿಂದಿನವರು ಬಲ್ಲವರಾಗಿದ್ದರು. ಇಂದು ಮಹಾನಗರಗಳ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಗಣ್ಯರನ್ನು ಕರೆಯುವಂತೆಯೇ, ವರ್ಷಕ್ಕೊಮ್ಮೆಯಾದರೂ ಸ್ಥಳೀಯ ಠಾಣಾಧಿಕಾರಿಯನ್ನೂ ಬೀಟ್ ಕಾನ್‌ಸ್ಟೇಬಲರನ್ನೂ ಕರೆದು ಸದಸ್ಯರೊಡನೆ ಮಾತನಾಡಿಸಬಹುದು. ಒಂಟಿಯಾಗಿರುವ ಹಿರಿಯರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಠಾಣೆಗೆ ತಿಳಿಸಬಹುದು. ಸ್ಥಳದ ಭಾಷೆ ಬಾರದವರೊಡನೆ ಠಾಣೆಗೆ ಹೋಗಬಲ್ಲ ಇಬ್ಬರು ಮೂವರನ್ನು ಗೊತ್ತುಮಾಡಿಡಬಹುದು. ಇವು ದೊಡ್ಡ ಕೆಲಸಗಳಲ್ಲ, ಖರ್ಚಿನವೂ ಅಲ್ಲ. ಹನಿಗೂಡಿದರೆ ಹಳ್ಳ ಎಂಬಂತೆ, ಏನೂ ಆಗದ ದಿನಗಳಲ್ಲಿ ಕೂಡಿಟ್ಟ ಈ ಪರಿಚಯವೇ ಏನಾದರೂ ಆದ ದಿನ ಆಸರೆಯಾಗುತ್ತದೆ.